ಮಸ್ಕತ್ತಿನಲ್ಲೊಂದು ಒನ್ಸ್ ಮೋರ್

ಮಳವಳ್ಳಿ, ಹೊರಡುವ ಮುಂಚೆ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ಎತ್ತಿ ಆಡುವುದು ಬೇಡ.

ಖೈರುನ್ನೀಸಾ ಮತ್ತು ನಾನು ಮಳವಳ್ಳಿಯಲ್ಲಿ ಇಪ್ಪತ್ತಾರು ವರ್ಷ ಒಂದೇ ಕಾಂಪೌಂಡಿನಲ್ಲಿ ಪಾಠ ಮಾಡಿದವರು. ಅವಳದು ಉರ್ದು ಶಾಲೆ, ನನ್ನದು ಕನ್ನಡ ಶಾಲೆ, ಮಧ್ಯೆ ಒಂದು ಮೋಟುಗೋಡೆ. ಆ ಗೋಡೆ ಮೇಲೆ ನಮ್ಮಿಬ್ಬರ ಊಟದ ಡಬ್ಬಿ. ನನ್ನ ಉಪ್ಪುಸಾರು ಆ ಕಡೆ ಹೋಗುತ್ತಿತ್ತು, ಅವಳ ಖೀಮಾ ಈ ಕಡೆ ಬರುತ್ತಿತ್ತು. ಹಾಗೆ ಬರುವಾಗ ಜೊತೆಗೆ ಒಂದಿಷ್ಟು ಉರ್ದುವೂ ಬಂದು ನನ್ನ ಕಿವಿಯಲ್ಲಿ ಕೂತಿತು. ಓದಲು ಬಾರದು, ಆದರೆ ಅವಳು ಗಂಡನಿಗೆ ಬೈದರೆ ಪೂರ್ತಿ ಅರ್ಥವಾಗುತ್ತದೆ.

ಖೈರು ಕವಯಿತ್ರಿ. ತವರು ಮದ್ದೂರಾದ್ದರಿಂದ ಪುಸ್ತಕದ ಮೇಲೆ 'ಖೈರುನ್ನೀಸಾ ಮದ್ದೂರಿ' ಎಂದಿರುತ್ತದೆ. ಉರ್ದು ಕವಿಗಳಿಗೆ ಊರನ್ನು ಹೀಗೆ ಹೆಸರಿಗೆ ಅಂಟಿಸಿಕೊಳ್ಳುವುದು ವಾಡಿಕೆಯಂತೆ. ಎರಡು ಗಜಲ್ ಸಂಕಲನ ಬಂದಿವೆ. ಎರಡನ್ನೂ ಅವಳೇ ಅಚ್ಚು ಹಾಕಿಸಿ, ಅವಳೇ ಹಂಚಿ, ಉಳಿದವನ್ನು ಅಟ್ಟದ ಮೇಲಿಟ್ಟಿದ್ದಾಳೆ.

ಇನ್ನು ನನ್ನ ತಪ್ಪಿನ ವಿಷಯ. ನಾನು ನಿವೃತ್ತಿಯಾದ ದಿನ ಶಾಲೆಯ ಅಂಗಳದಲ್ಲಿ ಖೈರು ಒಂದು ತಮಾಷೆಯ ಪದ್ಯ ಓದಿದಳು. ಗಂಡ ರಹಮತ್ ಸಾಬರು ಮದ್ದೂರು ಸ್ಟೇಷನ್ನಿನಲ್ಲಿ ವಡೆ ತರಲೆಂದು ಇಳಿಯುತ್ತಾರೆ, ರೈಲು ಹೊರಟುಬಿಡುತ್ತದೆ, ಹೆಂಡತಿ ಕಿಟಕಿಯಿಂದ ಕೈ ಚಾಚಿದರೆ ಅವರು ಅವಳನ್ನು ಬಿಟ್ಟು ವಡೆಯನ್ನು ಎದೆಗೆ ಅವಚಿಕೊಂಡು ನಿಂತಿರುತ್ತಾರೆ. ಅದನ್ನು ಅವಳು ಓದಿದ್ದು ಪುಸ್ತಕದ ಉರ್ದುವಿನಲ್ಲಲ್ಲ, ಮನೆಯ ಉರ್ದುವಿನಲ್ಲಿ, ಅಂದರೆ ನಮ್ಮ ಕಡೆಯ ಸಾಬರ ಮನೆಗಳಲ್ಲಿ ಆಡುವ ದಖ್ಖನಿಯಲ್ಲಿ. ಅಡುಗೆಯವರೂ ಬಿದ್ದುಬಿದ್ದು ನಕ್ಕರು. ನಾನು ಮೊಬೈಲಿನಲ್ಲಿ ಹಿಡಿದು ನಮ್ಮ ಗುಂಪಿಗೆ ಹಾಕಿದೆ. ಅಷ್ಟೇ ನಾನು ಮಾಡಿದ್ದು. ಅದು ಯಾರ್‍ಯಾರ ಫೋನಿಗೆ ಹಾರಿತೋ ಕಾಣೆ, ಎಂಟು ತಿಂಗಳ ಮೇಲೆ ಒಮಾನ್ ದೇಶದ ಮಸ್ಕತ್ತಿನಿಂದ ಕರೆ ಬಂತು. ಮುಶಾಯಿರಾ ಇದೆ, ಅಂದರೆ ಉರ್ದು ಕವಿಗೋಷ್ಠಿ, ಎರಡು ಟಿಕೆಟು ಕಳಿಸುತ್ತೇವೆ, ಬಂದು ಓದಿ ಎಂದರು.

ಎರಡನೆಯ ಟಿಕೆಟು ರಹಮತ್ ಸಾಬರದು. ಅವರಿಗೆ ಪೇಟೆಯಲ್ಲಿ ಸೈಕಲ್ ಅಂಗಡಿ.

"ಗಾಳಿ ಮ್ಯಾಲೆ ಕೂರಾಕೆ ನನ್ ಕೈಲಾಗಾಕಿಲ್ಲ ಟೀಚರಮ್ಮ. ನಂದೇನಿದ್ರೂ ನೆಲದ್ ಮ್ಯಾಲೆ ಎಲ್ಡು ಚಕ್ರ. ನೀವೇ ಓಗ್ಬುಟ್ಟು ಬನ್ನಿ," ಎಂದರು.

"ನಂಗೇನ್ ರೆಕ್ಕೆ ಇದಾವಾ?" ಎಂದೆ. ಬಾಯಲ್ಲಿ ಹಾಗಂದೆನೇ ಹೊರತು ಆವತ್ತೇ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆ. ಹುಟ್ಟಿದ್ದು ಚಿಕ್ಕರಸಿನಕೆರೆ, ಕೊಟ್ಟಿದ್ದು ಮಳವಳ್ಳಿ, ನೋಡಿದ ಅತಿ ದೊಡ್ಡ ನೀರು ಮುತ್ತತ್ತಿಯ ಹೊಳೆ. ಸಮುದ್ರ ದಾಟುವ ಅವಕಾಶವನ್ನು ಬೇಡ ಅನ್ನುವಷ್ಟು ದಡ್ಡಿ ನಾನಲ್ಲ.

ವಿಮಾನದಲ್ಲಿ

ವಿಮಾನ ಮೇಲೇರುವಾಗ ನಾನು ಕಣ್ಣು ಮುಚ್ಚಿ ನೆನಪಿಗೆ ಬಂದ ದೇವರನ್ನೆಲ್ಲ ಕರೆದೆ. ಕಣ್ಣು ಬಿಟ್ಟರೆ ಖೈರು ಕನ್ನಡಕದ ಡಬ್ಬಿ ತೆರೆದು ಅದರ ತಳದಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆಯುತ್ತಿದ್ದಳು.

"ಟೀಚರ್, ನಾನು ವಡೆ ಪದ್ಯ ಓದಾಕಿಲ್ಲ," ಎಂದಳು.

"ಇನ್ನೇನೇ ಓದ್ತೀಯ?"

"ಅಮ್ಮನ್ ಪದ್ಯ."

ಆ ಹಾಳೆಯ ಇತಿಹಾಸ ನನಗೆ ಗೊತ್ತಿತ್ತು. ಖೈರುವಿನ ತಾಯಿ ಮದ್ದೂರಿನ ಒಂದು ನೂಲು ಬಿಚ್ಚಾಣಿಕೆಯಲ್ಲಿ ಕೂಲಿಗಿದ್ದವರು. ಕುದಿನೀರಿನ ಬಾನಿಯಲ್ಲಿ ರೇಷ್ಮೆಗೂಡು ತೇಲುತ್ತಿರುತ್ತವೆ. ಬರಿಗೈ ಅದ್ದಿ, ಕೂದಲಿಗಿಂತ ಸಣ್ಣ ಎಳೆಯನ್ನು ಬೆರಳಲ್ಲೇ ಹುಡುಕಿ, ಚರಕಕ್ಕೆ ಕೊಡಬೇಕು. ಖೈರುವೂ ದಿನಾ ಶಾಲೆ ಬಿಟ್ಟ ಮೇಲೆ ಅಮ್ಮನ ಪಕ್ಕ ಕೂತು ಕೈ ಬೇಯಿಸಿಕೊಂಡವಳೇ. ಟೀಚರ್ ಕೆಲಸ ಸಿಗುವ ತನಕ ಅದೇ ಕೆಲಸ. ತಾಯಿ ತೀರಿಕೊಂಡ ಮೇಲೆ ಅವರ ಕೈ ಬಗ್ಗೆ ಒಂದು ಪದ್ಯ ಬರೆದಳು. ಅಚ್ಚ ಉರ್ದುವಿನಲ್ಲಿ ಬರೆಯಲು ಎಷ್ಟು ಒದ್ದಾಡಿದರೂ ಕೂರಲಿಲ್ಲವಂತೆ.

"ಆ ಬಾಸೇಲಿ ಬರುದ್ರೆ ನಮ್ಮಮ್ಮ ಯಾವ್ದೋ ನವಾಬ್ರ ಎಂಡ್ತಿ ಆಗೋಯ್ತಾಳೆ ಟೀಚರ್," ಎಂದಿದ್ದಳು ಆಗ. ಕೊನೆಗೆ ಮನೆಮಾತಿನಲ್ಲೇ ಬರೆದಳು.

ಕಷ್ಟ ಶುರುವಾಗಿದ್ದೇ ಅಲ್ಲಿ. ಉರ್ದು ಕವಿಗಳಿಗೆ ಒಬ್ಬ ಉಸ್ತಾದ್ ಇರಬೇಕು, ಬರೆದದ್ದನ್ನು ಅವರಿಗೆ ತೋರಿಸಿ ತಿದ್ದಿಸಿಕೊಳ್ಳಬೇಕು. ಮೈಸೂರಿನಲ್ಲಿದ್ದ ಇವಳ ಉಸ್ತಾದರು ಒಳ್ಳೆಯವರೇ, ಆದರೆ ಈ ಹಾಳೆಗೆ ಕೆಂಪು ಶಾಯಿಯನ್ನೂ ತಾಗಿಸಲಿಲ್ಲ. ಈ ಮಾತು ನಗಿಸುವುದಕ್ಕೆ ಲಾಯಕ್ಕು, ಅಳುವುದಕ್ಕಲ್ಲ ಎಂದು ವಾಪಸು ಕೊಟ್ಟರು. ಅವರು ಹೇಳಿದ್ದು ಸುಳ್ಳೂ ಅಲ್ಲ. ಮುಶಾಯಿರಾಗಳಲ್ಲಿ ದಖ್ಖನಿ ಎಂದರೆ ಹಾಸ್ಯ. ಬಾಯಿ ತೆರೆದರೆ ಸಾಕು, ಜನ ನಗಲು ಸಿದ್ಧ. ಆದರೂ ಒಮ್ಮೆ ಮೈಸೂರಿನ ಒಂದು ಸಭೆಯಲ್ಲಿ ಇವಳು ಧೈರ್ಯ ಮಾಡಿದಳು. ಮೊದಲ ಸಾಲಿಗೇ ಎಲ್ಲರೂ ಗೊಳ್ಳೆಂದರು. ಅಲ್ಲೇ ಹಾಳೆ ಮಡಿಸಿ ಬೇರೆ ಯಾವುದೋ ಗಜಲು ಓದಿ ಬಂದಳು. ಹನ್ನೊಂದು ವರ್ಷದಿಂದ ಆ ಹಾಳೆ ಕನ್ನಡಕದ ಡಬ್ಬಿಯಲ್ಲೇ ಇದೆ.

"ಯಾಕಮ್ಮಿ ಇಲ್ಲದ್ ತೊಂದ್ರೆ? ವಡೆ ಓದಿ ನಗಿಸ್ಬುಟ್ಟು ಬಾ," ಎಂದೆ.

"ನಂಗೂ ಅರವತ್ಮೂರಾಯ್ತು ಟೀಚರ್. ಒಂದೇ ಒಂದ್ ಸಲ, ನಾಕ್ ಜನ ನಮ್ಮಮ್ಮನ್ ಇಸ್ಯ ನಗ್ದಂಗೆ ಕೇಳ್ಬೇಕು. ಇನ್ನೇನೂ ಬ್ಯಾಡ ನಂಗೆ."

ಅವಳು ಹಾಗೆ ಏನನ್ನೂ ಬೇಕು ಎಂದು ಕೇಳಿದವಳೇ ಅಲ್ಲ.

ಆಮೇಲೆ ನನಗೆ ಪಾಠ ಶುರುವಾಯಿತು. "ನೀವು ಮುಂದ್ಗಡೆ ಕೂತ್ಕಬೇಕು. ಸಾಲು ಚೆನ್ನಾಗಿದ್ರೆ 'ವಾಹ್' ಅನ್ನಿ. ಇನ್ನೊಂದ್ಸಲ ಬೇಕು ಅಂದ್ರೆ 'ಮುಕರ್ರರ್' ಅನ್ನಿ. ನಿಮ್ ಕನ್ನಡ ಕವಿಗೋಷ್ಠಿ ತರ ಕೈ ಕಟ್ಕಂಡು ಕೂತ್ಕಬ್ಯಾಡಿ, ಓದೋರು ಅಲ್ಲೇ ಸತ್ತೋಯ್ತಾರೆ."

ನಮ್ಮ ಕವಿಗೋಷ್ಠಿಯನ್ನು ಬೈದದ್ದಕ್ಕೆ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅಲ್ಲಿ ಮುಂದಿನ ಕವಿ ಈ ಕವಿಯ ಕೈಯಲ್ಲಿ ಇನ್ನೆಷ್ಟು ಹಾಳೆ ಉಳಿದಿವೆ ಎಂದು ಎಣಿಸುವುದನ್ನು ನಾನೇ ಕಂಡಿದ್ದೇನೆ. ಮುಕರ್ರರ್, ಮುಕರ್ರರ್ ಎಂದು ಮಗ್ಗಿಯ ಹಾಗೆ ಉರು ಹೊಡೆಯುತ್ತಾ ಸಮುದ್ರ ದಾಟಿದೆ.

ಬೆರಳು

ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ಗಾಜಿನ ಮೇಲೆ ಬೆರಳಿಡಿ ಎಂದರು. ನನ್ನ ಬೆರಳನ್ನು ಯಂತ್ರ ತಕ್ಷಣ ಒಪ್ಪಿತು. ಖೈರುವಿನದನ್ನು ಒಪ್ಪಲಿಲ್ಲ. ಹೆಬ್ಬೆರಳು ಇಟ್ಟಳು, ಇಲ್ಲ. ತೋರುಬೆರಳು, ಇಲ್ಲ. ಸೆರಗಿಗೆ ಒರೆಸಿ ಇಟ್ಟಳು, ಕೆಂಪು ದೀಪ.

ಇದೇನೂ ಹೊಸದಲ್ಲ. ಊರಿನ ರೇಷನ್ ಅಂಗಡಿಯಲ್ಲೂ ಇವಳ ಹೆಬ್ಬೆಟ್ಟು ಬರುವುದಿಲ್ಲ, ರಹಮತ್ ಸಾಬರೇ ಹೋಗಿ ಒತ್ತಬೇಕು. ಬಾನಿಯ ಬಿಸಿನೀರು ಬೆರಳಿನ ಗೆರೆಯನ್ನೆಲ್ಲ ತಿಂದುಹಾಕಿತು ಎಂದು ಅವಳ ವಾದ, ವಯಸ್ಸಾದರೆ ಎಲ್ಲರದ್ದೂ ಹಾಗೇ ಎಂದು ನನ್ನ ವಾದ. ಅದೇ ಜಗಳ ಅಲ್ಲೂ ಶುರುವಾಗುವುದರಲ್ಲಿತ್ತು.

ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎದ್ದು ಬಂದು ಖೈರುವಿನ ಬೆರಳುಗಳನ್ನು ತಾನೇ ಕಾಗದದಿಂದ ಒರೆಸಿ, ಒಂದೊಂದಾಗಿ ಒತ್ತಿ ನೋಡಿದಳು. ಆಮೇಲೆ ಹಿಂದಿಯಲ್ಲಿ ಏನು ಕೆಲಸ ಎಂದು ಕೇಳಿದಳು.

"ಕವಿತೆ ಬರೀತೀನಿ," ಎಂದಳು ಖೈರು.

"ಅಷ್ಟೊಂದು ಬರೆದಿರಾ?" ಎಂದು ಬೆರಳನ್ನೇ ನೋಡುತ್ತಾ ಆ ಹುಡುಗಿ ನಕ್ಕಳು. ಹಿರಿಯರೊಬ್ಬರನ್ನು ಕರೆದು ಏನೋ ಹೇಳಿ, ಫೋಟೋ ಇನ್ನೊಮ್ಮೆ ತೆಗೆದು ಮುದ್ರೆ ಒತ್ತಿದಳು. ಹೊರಗೆ ಬರುವ ತನಕ ನನ್ನ ಜೀವದಲ್ಲಿ ಜೀವ ಇರಲಿಲ್ಲ.

ಹೊರಗೆ ಮುನೀರ್ ಎಂಬವರು ಕಾಯುತ್ತಿದ್ದರು. ಮುಶಾಯಿರಾ ನಡೆಸುವವರು ಇವರೇ. ಮೂಲ ಕಲಬುರಗಿ, ಇಲ್ಲಿ ಟೈಲ್ಸ್ ವ್ಯಾಪಾರ. "ಬರ್ರಿ ಬರ್ರಿ, ನಮ್ಮ ನಗೀ ರಾಣಿ ಬಂದ್ರು!" ಎಂದು ಕನ್ನಡದಲ್ಲೇ ಕರೆದು ಖೈರುವಿಗೆ ಹೂಗುಚ್ಛ ಕೊಟ್ಟರು. ಪರದೇಶದಲ್ಲಿ ಕನ್ನಡ ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ಆ 'ನಗೀ ರಾಣಿ' ಎಂಬ ಮಾತು ನನ್ನ ತಲೆಗೇ ಹೋಗಲಿಲ್ಲ. ಖೈರುವಿಗೆ ಹೋಗಿತ್ತು. ಕಾರಿನಲ್ಲಿ ಹೂಗುಚ್ಛವನ್ನು ನನ್ನ ತೊಡೆಗೆ ಹಾಕಿ ಕಿಟಕಿ ಕಡೆ ತಿರುಗಿ ಕೂತಳು.

ರಸ್ತೆ ಮತ್ತು ಬಟ್ಟಲು

ಮಸ್ಕತ್ತಿನಲ್ಲಿ ಬೆಟ್ಟಗಳಿವೆ, ಅವುಗಳ ಮೇಲೆ ಒಂದು ಗರಿಕೆ ಇಲ್ಲ. ಮನೆಗಳೆಲ್ಲ ಬಿಳಿ, ಗಂಡಸರ ನಿಲುವಂಗಿಯೂ ಬಿಳಿ, ಅದರಲ್ಲಿ ಒಂದು ಸುಕ್ಕಿಲ್ಲ. ಅಷ್ಟೊಂದು ಇಸ್ತ್ರಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ನಮ್ಮ ಕಡೆ ಅಷ್ಟು ಬಿಳಿ ಬಟ್ಟೆ ಹಾಕಿ ಬೀದಿಗಿಳಿದವನು ಎಲೆಕ್ಷನ್ನಿಗೆ ನಿಂತಿರಬೇಕು.

ಮರುದಿನ ಮತ್ರಾ ಎಂಬ ಹಳೇ ಪೇಟೆಗೆ ನಾವಿಬ್ಬರೇ ಹೊರಟೆವು. ಸಮುದ್ರದ ಅಂಚಿನ ರಸ್ತೆ ದಾಟಬೇಕಿತ್ತು. ನಾವು ಅಂಚಿಗೆ ಬಂದು ನಿಂತೆವು. ಬರುತ್ತಿದ್ದ ಕಾರು ನಿಂತಿತು. ನಮ್ಮೂರಲ್ಲಿ ಕಬ್ಬಿನ ಲಾರಿಗೆ ದಾರಿ ಬಿಟ್ಟು ಅಭ್ಯಾಸವಾದ ನಾವು ಎರಡು ಹೆಜ್ಜೆ ಹಿಂದೆ ಸರಿದು, ನೀನು ಹೋಗಪ್ಪ ಎಂದು ಕೈ ಮಾಡಿದೆವು. ಅವನು, ನೀವು ಹೋಗಿ ಎಂದು ಕೈ ಮಾಡಿದ. ಅವನ ಹಿಂದೆ ಇನ್ನೂ ಐದಾರು ಕಾರು ನಿಂತವು. ಒಬ್ಬನೂ ಹಾರನ್ ಹೊಡೆಯಲಿಲ್ಲ. ನಮಗೆ ಹೆದರಿಕೆಯಾಗಿದ್ದೇ ಅದರಿಂದ.

"ಇವ್ರು ಯಾಕ್ ನಿಂತವ್ರೆ ಟೀಚರ್? ನಮ್ಮುನ್ನ ಇಡ್ಕಂಡೋಯ್ತಾರಾ?"

"ಸುಮ್ಕೆ ಓಡು," ಎಂದು ಅವಳ ಕೈ ಹಿಡಿದು, ನಿಂತಿದ್ದ ಕಾರುಗಳ ಮುಂದೆ ಬಿದ್ದಂಬೀಳ ಓಡಿದೆ. ಕಾರಿನೊಳಗಿದ್ದವರು ನಕ್ಕಿರಬೇಕು.

ಪೇಟೆಯಲ್ಲಿ ಧೂಪದಂಗಡಿಯ ಯಜಮಾನರೊಬ್ಬರು ಕೂರಿಸಿ ಖರ್ಜೂರ ಕೊಟ್ಟು, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಖಾವಾ ಕೊಟ್ಟರು. ಏಲಕ್ಕಿ ಹಾಕಿದ, ಹಾಲು ಸಕ್ಕರೆ ಇಲ್ಲದ ಕಾಫಿ. ನಾನು ಮರ್ಯಾದೆಗೆಂದು ಕುಡಿದು ಬಟ್ಟಲು ಮುಂದೆ ಹಿಡಿದೆ. ಮತ್ತೆ ತುಂಬಿಸಿದರು. "ಸಾಕು" ಎಂದೆ, ತುಂಬಿಸಿದರು. "ಬಸ್" ಎಂದೆ, ನಕ್ಕು ತುಂಬಿಸಿದರು. ನಮ್ಮ ಮಂಡ್ಯ ಕಡೆ ಬೀಗರೂಟದಲ್ಲಿ ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಇಟ್ಟರೂ ಬೆರಳ ಸಂದಿನಲ್ಲಿ ಸುರಿಯುತ್ತಾರಲ್ಲ, ಅದೇ ಜಾತಿಯ ಪ್ರೀತಿ ಇರಬೇಕು ಎಂದುಕೊಂಡು ಎಂಟು ಬಟ್ಟಲು ಕುಡಿದೆ. ಆಮೇಲೆ ಗೊತ್ತಾಯಿತು, ಸಾಕು ಎನ್ನಲು ಬಾಯಿ ಬಳಸಬಾರದು, ಖಾಲಿ ಬಟ್ಟಲನ್ನು ಅಲ್ಲಾಡಿಸಬೇಕು. ಇಷ್ಟು ಹೊತ್ತೂ ನಾನು ಸುಮ್ಮನೆ ಬಟ್ಟಲು ಚಾಚಿ ಇನ್ನೂ ಹಾಕಿ, ಇನ್ನೂ ಹಾಕಿ ಎಂದೇ ಹೇಳುತ್ತಿದ್ದೆನಂತೆ.

ಖೈರು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಾ ಅಂಗಡಿಯಿಂದ ಹೊರಗೆ ಬಂದರೆ ಎದುರಿನ ಗೋಡೆಯ ಮೇಲೆ ಅವಳದೇ ಮುಖ. ಮುಶಾಯಿರಾದ ಪೋಸ್ಟರು. ಉಳಿದ ಕವಿಗಳದ್ದೆಲ್ಲ ಗಂಭೀರ ಮುಖ. ಇವಳ ಚಿತ್ರವನ್ನು ಮಾತ್ರ ನನ್ನ ವಿಡಿಯೋದಿಂದ ಕತ್ತರಿಸಿದ್ದರು, ಬಾಯಿ ಪೂರ್ತಿ ತೆರೆದಿತ್ತು, ಪಕ್ಕದಲ್ಲಿ ಒಂದು ವಡೆಯ ಚಿತ್ರ. ಕೆಳಗೆ ಉರ್ದುವಿನಲ್ಲಿ ಏನಿದೆ ಎಂದು ಕೇಳಿದೆ.

"ನಗಿಸ್ತಾಳೆ ಅಂತದೆ," ಎಂದಳು. ಅವಳ ನಗು ನಿಂತೇಹೋಯಿತು. ನನಗೆ ನನ್ನ ಫೋನನ್ನು ಸಮುದ್ರಕ್ಕೆ ಎಸೆಯುವಷ್ಟು ಸಿಟ್ಟು ಬಂತು.

ಶುಕ್ರವಾರ

ಅಲ್ಲಿ ಶುಕ್ರವಾರ ರಜೆ. ಮುಶಾಯಿರಾ ಸಾಯಂಕಾಲವೇ ಶುರು, ಒಂದು ಶಾಲೆಯ ಸಭಾಂಗಣದಲ್ಲಿ. ಖೈರು ಬೆಳಿಗ್ಗೆಯೇ ಮುನೀರರಿಗೆ ಹೇಳಿಬಿಟ್ಟಳು. ಅವರ ಮುಖ ಬಾಡಿತು.

"ಅಲ್ರೀ ಆಪಾ, ಮಂದಿ ನಿಮ್ಮ ವಡಾ ಕೇಳಾಕ ಬರಾಕತ್ತಾರ. ವಾರಾನಗಟ್ಲೆ ದುಡಿದು ಬಂದಿರ್ತಾರ, ಒಂದೀಟು ನಗಲಿ ಬಿಡ್ರಿ. ಅಳೂದು ಅವ್ರಿಗೆ ಇದ್ದೇ ಐತಿ."

ಅವರ ಮಾತಿನಲ್ಲಿ ನ್ಯಾಯವಿತ್ತು. ಡ್ರೈವರುಗಳು, ನರ್ಸುಗಳು, ಅಂಗಡಿಯವರು, ಊರು ಬಿಟ್ಟು ವರ್ಷಗಳಾದವರು. ಖೈರು ನನ್ನ ಮುಖ ನೋಡಿದಳು. "ನಿಂಗೆ ತಿಳ್ದಂಗೆ ಮಾಡಮ್ಮಿ, ನಾನಂತೂ ಮುಂದ್ಗಡೆ ಕೂತಿರ್ತೀನಿ," ಎಂದೆ.

ವೇದಿಕೆಯ ಮೇಲೆ ಬಿಳಿ ಹಾಸು, ದಿಂಬು. ಕವಿಗಳೆಲ್ಲ ಕಾಲು ಮಡಿಸಿ ಸಾಲಾಗಿ ಕೂತಿದ್ದರು. ಮೊದಲು ಚಿಕ್ಕವರು ಓದಬೇಕು, ಕೊನೆಗೆ ಹಿರಿಯರು. ನಗಿಸುವವರನ್ನು ನಡುವಿನಲ್ಲಿ, ಜನ ಆಕಳಿಸುವ ಹೊತ್ತಿಗೆ ಕರೆಯುತ್ತಾರೆ. ಸಭೆಯೋ, ನಮ್ಮ ಕವಿಗೋಷ್ಠಿಯಂಥದ್ದಲ್ಲವೇ ಅಲ್ಲ. ಕವಿ ಅರ್ಧ ಸಾಲು ಹೇಳಿದರೆ ಉಳಿದರ್ಧವನ್ನು ಜನವೇ ಹೇಳುತ್ತಾರೆ, ಮೇಲೇಳುತ್ತಾರೆ, ಕೈ ಚಾಚುತ್ತಾರೆ. ನನಗೆ ಚಿಕ್ಕರಸಿನಕೆರೆಯ ಪೌರಾಣಿಕ ನಾಟಕ ನೆನಪಾಯಿತು. ನಮ್ಮಪ್ಪ ಪಾತ್ರ ಕಟ್ಟುತ್ತಿದ್ದವರು. ಅವರು ಹಾಡು ಮುಗಿಸಿದೊಡನೆ ನಮ್ಮ ಸೋದರಮಾವಂದಿರು ಮುಂದಿನ ಸಾಲಿನಿಂದ "ಒನ್ಸ್ ಮೋರ್!" ಎಂದು ಕೂಗಬೇಕು, ಹಾರ್ಮೋನಿಯಂ ಮೇಷ್ಟ್ರು ಮತ್ತೆ ಶ್ರುತಿ ಹಿಡಿಯಬೇಕು, ಅಪ್ಪ ಅದೇ ಹಾಡನ್ನು ಮೊದಲಿನಿಂದ ಹಾಡಬೇಕು. ಸತ್ತು ಬಿದ್ದ ಪಾತ್ರವೂ ಒನ್ಸ್ ಮೋರ್ ಬಂದರೆ ಎದ್ದು ಹಾಡಿ ಮತ್ತೆ ಸಾಯುತ್ತಿತ್ತು.

ನಿರೂಪಕರು ಖೈರುವಿನ ಹೆಸರು ಕರೆದದ್ದೇ ತಡ, ಶಿಳ್ಳೆ ಬಿತ್ತು. ಇವಳು ಕನ್ನಡಕದ ಡಬ್ಬಿ ತೆರೆದಳು. ಹಾಳೆ ಬಿಚ್ಚಿದಳು. ಮುನೀರರು ತಲೆಗೆ ಕೈ ಹಚ್ಚಿಕೊಂಡರು.

"ಹಮಾರೀ ಅಮ್ಮಾ ಪಾನೀಚ್ ಮೇ ಪೈದಾ ಹುಯೀ ಕತೆ," ಎಂದಳು. ನಮ್ಮಮ್ಮ ನೀರಲ್ಲೇ ಹುಟ್ಟಿದ್ದಳಂತೆ ಎಂದರ್ಥ.

ಗೊಳ್ಳೆಂದಿತು ಸಭೆ. ಮೈಸೂರಿನಲ್ಲಿ ಆದದ್ದೇ ಇಲ್ಲೂ ಆಯಿತು. ಆದರೆ ಈ ಸಲ ಖೈರು ಹಾಳೆ ಮಡಿಸಲಿಲ್ಲ. ಅಪ್ಪ ಕರೆದರೆ ಬರಲ್ಲ, ರೇಷ್ಮೆಹುಳ ಕರೆದರೆ ಓಡ್ತಾಳೆ ಎಂದಳು. ಇನ್ನೂ ಜೋರು ನಗು. ನನ್ನ ಪಕ್ಕದವರು ತೊಡೆ ತಟ್ಟಿಕೊಂಡರು. ಊರಿನ ಮದುವಣಗಿತ್ತಿಯರಿಗೆಲ್ಲ ಅಮ್ಮನ ಕೈಯಿಂದ ಎಳೆ ಹೋಯಿತು, ಅಮ್ಮನ ಮದುವೆ ಸೀರೆ ಮಾತ್ರ ಬೇರೆಯವರದು ಎಂದಳು. ಅಲ್ಲಲ್ಲಿ ನಗು, ಅಲ್ಲಲ್ಲಿ ಇಲ್ಲ. ನನ್ನ ತಲೆ ಸವರಿದರೆ ಕೂದಲು ಅಮ್ಮನ ಬೆರಳಿಗೆ ಸಿಕ್ಕಿಕೊಳ್ಳುತ್ತಿತ್ತು, ಅಷ್ಟು ಒಡೆದ ಕೈ ಎಂದಳು. ಯಾರೋ ಒಬ್ಬರು ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಕೊನೆಗೆ ತಾಯಿ ತೀರಿಕೊಂಡ ದಿನ. ಮಣ್ಣಿಗಿಡುವ ಮುಂಚೆ ಮೈ ತೊಳೆಸುತ್ತಾರೆ. ತೊಳೆಸುತ್ತಿದ್ದ ನೆರೆಮನೆಯ ಹೆಂಗಸು ಆ ಕೈಗಳನ್ನು ನೋಡಿ ಚೊಂಬು ಕೆಳಗಿಟ್ಟು ಹೇಳಿದ ಮಾತು.

"ಯೇ ಹಾತಾಂ ಕು ಔರ್ ಕಿತ್ತಾ ಪಾನಿ, ಬಸ್ ಕರೋ ಮಾ."

ಈ ಕೈಗೆ ಇನ್ನೂ ಎಷ್ಟು ನೀರು ಹುಯ್ಯೋದು, ಸಾಕು ಬುಡ್ರಮ್ಮ.

ಸಭೆಯಲ್ಲಿ ಒಂದು ಸದ್ದಿಲ್ಲ. ವಾಹ್ ಇಲ್ಲ, ಚಪ್ಪಾಳೆಯೂ ಇಲ್ಲ. ನಕ್ಕವರು ತಮ್ಮ ನಗುವನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯದವರ ಹಾಗೆ ನೆಲ ನೋಡುತ್ತಿದ್ದರು. ಖೈರುವಿಗೆ ಅದು ಅರ್ಥವಾಗಲಿಲ್ಲ. ಸೋತೆ ಎಂದುಕೊಂಡಳು, ಮುಖದಲ್ಲೇ ಕಾಣುತ್ತಿತ್ತು. ಹಾಳೆಯನ್ನು ಹಳೇ ಮಡಿಕೆಗೆ ಮಡಿಸತೊಡಗಿದಳು. ಆ ಹಾಳೆ ಡಬ್ಬಿಯೊಳಗೆ ಹೋದರೆ ಇನ್ನು ಈ ಜನ್ಮದಲ್ಲಿ ಹೊರಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ವಿಮಾನದಲ್ಲಿ ಉರು ಹೊಡೆದ ಆ ಪದ ಏನಾದರೂ ಬಾಯಿಗೆ ಬಂತೇ? ಹಾಳಾದ್ದು, ಅದರ ಮೊದಲಕ್ಷರವೂ ನೆನಪಾಗಲಿಲ್ಲ. ನಾನು ಎದ್ದು ನಿಂತೆ.

"ಒನ್ಸ್ ಮೋರ್!"

ಚಿಕ್ಕರಸಿನಕೆರೆಯ ಬಯಲಿಗೆ ಕೇಳಿಸಬೇಕಾದ ಗಂಟಲಿನಲ್ಲಿ ಕೂಗಿದ್ದೆ. ಎಲ್ಲರೂ ತಿರುಗಿ ನೋಡಿದರು. ಮೈಯೆಲ್ಲ ಬೆವತುಹೋಯಿತು. ಕೂಗಿ ಆಗಿತ್ತಲ್ಲ, ಇನ್ನು ಕೂರುವ ಹಾಗಿಲ್ಲ. "ಒನ್ಸ್ ಮೋರ್ ಕಣಮ್ಮಿ! ಮೊದ್ಲಿಂದ ಓದು!" ಎಂದೆ. ಆಗ ಹಿಂದಿನಿಂದ ಮುದುಕರೊಬ್ಬರು "ಮುಕರ್ರರ್" ಎಂದರು. ಹೌದು, ಅದೇ ಪದ! ಮತ್ತೊಬ್ಬರು ಎಂದರು. ವೇದಿಕೆಯ ಮೇಲಿದ್ದ ಹಿರಿಯ ಕವಿಗಳೂ ಎಂದರು. ಆಮೇಲೆ ಇಡೀ ಸಭೆಯೇ ಅದೇ ಮಾತು.

ಖೈರು ಹಾಳೆ ಬಿಚ್ಚಿದಳು. ನಮ್ಮಮ್ಮ ನೀರಲ್ಲೇ ಹುಟ್ಟಿದ್ದಳಂತೆ ಎಂದು ಮತ್ತೆ ಮೊದಲಿನಿಂದ ಶುರು ಮಾಡಿದಳು. ಅದೇ ಮಾತು, ಅದೇ ಧಾಟಿ. ಯಾರೂ ನಗಲಿಲ್ಲ. ಈಗ ಅವರಿಗೆ ಕೊನೆಯ ಸಾಲು ಗೊತ್ತಿತ್ತು. ತೊಡೆ ತಟ್ಟಿಕೊಂಡಿದ್ದ ನನ್ನ ಪಕ್ಕದವರು ಹುಳದ ಸಾಲು ಬಂದಾಗ ಕಣ್ಣೊರೆಸಿಕೊಂಡರು. ಕೊನೆಗೆ ಬಂದಾಗ ಅವಳು "ಯೇ ಹಾತಾಂ ಕು" ಎಂದು ಅಲ್ಲಿಗೇ ನಿಂತುಬಿಟ್ಟಳು. ಉಳಿದದ್ದನ್ನು ಸಭೆಯೇ ಹೇಳಿತು. ಎಲ್ಲೆಲ್ಲಿಯವರೋ, ಯಾವ್ಯಾವ ನಾಜೂಕಿನ ಉರ್ದುವಿನವರೋ, ಎಲ್ಲರೂ ಒಟ್ಟಾಗಿ ಮದ್ದೂರಿನ ನೆರೆಮನೆಯ ಹೆಂಗಸಿನ ಮಾತನ್ನು ಅವಳ ಹಾಗೆಯೇ ಹೇಳಿದರು. ಔರ್ ಕಿತ್ತಾ ಪಾನಿ, ಬಸ್ ಕರೋ ಮಾ. ನನಗೂ ಅಳು ಬಂತು, ಅತ್ತೆ. ಮುನೀರರು ನನ್ನ ಕಡೆ ನೋಡಿ ಎರಡೂ ಕೈ ಎತ್ತಿ ಮುಗಿದರು.

ಮೆಟ್ಟಿಲ ಮೇಲೆ

ಸಭೆ ಮುಗಿದ ಮೇಲೆ ಹೊರಗಿನ ಮೆಟ್ಟಿಲ ಮೇಲೆ ಕೂತು ಊರಿಗೆ ಫೋನ್ ಮಾಡಿದೆವು. ಖೈರು ನನಗೂ ಕೇಳಲೆಂದು ಸ್ಪೀಕರ್ ಹಾಕಿದಳು. ರಹಮತ್ ಸಾಬರು ಒಂದೇ ರಿಂಗಿಗೆ ಎತ್ತಿದರು. ಪಾಪ, ಫೋನ್ ಹಿಡಿದುಕೊಂಡೇ ಕಾಯುತ್ತಿದ್ದರೇನೋ. ನಾನು ಪಕ್ಕದಲ್ಲಿದ್ದೇನೆಂದು ಗೊತ್ತಾಗಿ ಕನ್ನಡದಲ್ಲೇ ಕೇಳಿದರು.

"ಏನಾಯ್ತು? ಜನ ನಕ್ರಾ?"

"ಇಲ್ಲ ಕಣ್ರೀ," ಎಂದಳು ಖೈರು. "ಒಬ್ರೂ ನಗ್ಲಿಲ್ಲ."

ಸಾಬರು ಬಹಳ ಮೆತ್ತಗೆ, ಹುಷಾರಾಗಿ ಸಮಾಧಾನ ಮಾಡಿದರು. "ಓಗ್ಲಿ ಬುಡು ಖೈರೂ, ಬೇಜಾರ್ ಮಾಡ್ಕಬ್ಯಾಡ. ಮುಂದಿನ್ ಸಲ ನಗ್ತಾರೆ."

ಖೈರು ಮೆಟ್ಟಿಲ ಮೇಲೆ ನನ್ನ ಹೆಗಲಿಗೆ ಒರಗಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಗುತ್ತಲೇ ಇದ್ದಳು. ಸಾಬರು ಆ ಕಡೆಯಿಂದ "ಅಳ್ಬ್ಯಾಡ, ಅಳ್ಬ್ಯಾಡ" ಎನ್ನುತ್ತಲೇ ಇದ್ದರು.